ಗುರುತು ಬೀಳದ ಟವೆಲ್

1997ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಆಮೇಲೆ ಮನುಷ್ಯರನ್ನು ತಿಳಿಯಲು ನನಗೆ ಉಳಿದ ದಾರಿ ಅವರ ಕೈ ನೋಡುವುದು. ಗಾಜಿನ ಕೆಲಸದಲ್ಲಿ ಅದು ಬೇಗ ಅಭ್ಯಾಸವಾಗುತ್ತದೆ. ಎದುರಿನವನ ಮುಖ ಗಾಜಿನ ಆಚೆ ಇರುತ್ತದೆ, ಅಂಚು ಹಿಡಿದ ಬೆರಳು ಮಾತ್ರ ಈಚೆ ಕಾಣುತ್ತದೆ. ಪೊರ್ಬುಗಳ ಕೈಯಷ್ಟು ಕುರೂಪದ ಕೈಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬ್ಲೀಚಿನ ನೀರಿನಲ್ಲಿ ಇಪ್ಪತ್ತು ವರ್ಷ ನೆನೆದು ಬೆರಳಿನ ಚರ್ಮ ಬೆಂದ ಗೆಣಸಿನ ಸಿಪ್ಪೆಯ ಹಾಗೆ ಸಡಿಲವಾಗಿತ್ತು. ಬಲಗೈಯ ಕಿರುಬೆರಳು ಯಾವುದೋ ಕಾಲದಲ್ಲಿ ಮುರಿದು, ಸೊಟ್ಟಗೆ ಕೂಡಿಕೊಂಡು, ಉಳಿದ ಬೆರಳುಗಳ ಜೊತೆ ಜಗಳವಾಡಿದ ಹಾಗೆ ದೂರ ನಿಂತಿತ್ತು. ಮಾತಾಡುವಾಗ ಅವರು ಎರಡು ಮಣಿಕಟ್ಟನ್ನೂ ಒಂದಕ್ಕೊಂದು ಒತ್ತಿ, ಅಂಗೈಗಳನ್ನು ಮರುವಾಯಿ ಚಿಪ್ಪು ಬಾಯಿ ಬಿಟ್ಟ ಹಾಗೆ ಅಗಲಿಸಿ ಹಿಡಿಯುತ್ತಿದ್ದರು. ಒಂದು ಅಂಗೈ ಮೇಲೆ, ಒಂದು ಕೆಳಗೆ. ಬಾಡಿಗೆಯ ವಿಷಯ ಮಾತಾಡಲಿ, ಮೀನಿನ ವಿಷಯ ಮಾತಾಡಲಿ, ಕೈ ಹಾಗೆಯೇ. ಏನೋ ಬಂದು ಬೀಳಲಿಕ್ಕಿದೆ, ಹಿಡಿಯಲು ತಯಾರಾಗಿದ್ದೇನೆ ಎಂಬಂತೆ.

ಪೊರ್ಬು ಎಂದರೆ ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರಿಸ್ತುವರನ್ನು ಕರೆಯುವ ರೀತಿ. ಕರಾವಳಿಯ ಮುಸ್ಲಿಮನಾದ ನಾನು ಅವರಿಗೆ ಬ್ಯಾರಿ, ಅವರು ನನಗೆ ಪೊರ್ಬುಗಳು. ಕುವೈತಿನ ಖೈತಾನಿನಲ್ಲಿ ಒಂದೇ ಕಟ್ಟಡದಲ್ಲಿದ್ದೆವು, ಅವರು ಎರಡನೇ ಮಾಳಿಗೆ, ನಾನು ನಾಲ್ಕನೇದು. ಅಮೆರಿಕದ ಸೈನಿಕರ ಕ್ಯಾಂಪಿನ ಲಾಂಡ್ರಿಯಲ್ಲಿ ಅವರು ಬಹಳ ವರ್ಷ ದುಡಿದಿದ್ದರು. ಅದು ಬಿಟ್ಟ ಮೇಲೆ ಖೈತಾನಿನ ಒಂದು ಸಣ್ಣ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದರು. ಶುಕ್ರವಾರ ಸಂಜೆ ಅಬು ಹಲೀಫಾದ ಒಂದು ಬಾಡಿಗೆ ಮೈದಾನದಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೆ ಕೋಚ್ ಆಗಿದ್ದರು.

ನಗಬೇಡಿ. ನಾನೂ ಮೊದಲು ನಕ್ಕಿದ್ದೆ.

ಕ್ಯಾಂಪಿನ ಲಾಂಡ್ರಿಯ ಹಿಂದಿನ ಬಯಲಿನಲ್ಲಿ ಸೈನಿಕರು ಆಡುತ್ತಿದ್ದರಂತೆ. ಒಬ್ಬ ಕಡಿಮೆ ಬಿದ್ದಾಗ ಇವರನ್ನು ಕರೆಯುತ್ತಿದ್ದರಂತೆ. "ನಾನು ಅವರ ಮೇನ್ ಪ್ಲೇಯರ್" ಎಂದು ಪೊರ್ಬುಗಳು ಎದೆ ತಟ್ಟಿ ಹೇಳುತ್ತಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಡಾಯಿ ಎಂದು ನನಗೆ ಗೊತ್ತಿತ್ತು. ಬಡಾಯಿ ಅವರ ಸ್ವಭಾವ. ಚಹಾ ಕುಡಿಸುವುದರಲ್ಲಿ ಜಿಪುಣ, ಬೈಯುವುದರಲ್ಲಿ ಧಾರಾಳ. ಕೈಗೆ ಸಿಕ್ಕಿದ್ದನ್ನೆಲ್ಲ ನಾಲ್ಕು ಮಡಿಕೆ ಮಾಡುವ ಚಾಳಿ ಬೇರೆ. ಟಿಶ್ಯೂ ಕಾಗದವನ್ನೂ, ಖಾಲಿ ಚೀಲವನ್ನೂ, ತಿನ್ನಬೇಕಾದ ಖುಬ್ಬೂಸ್ ರೊಟ್ಟಿಯನ್ನೂ ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದರು. ಆದರೆ ಆ ಆಟ ಮಾತ್ರ ಅವರಿಗೆ ನಿಜವಾಗಿ ಗೊತ್ತಿತ್ತು.

ನನ್ನನ್ನು ಅವರು ಹಿಡಿದದ್ದು ಮೆಟ್ಟಿಲಲ್ಲಿ. ಲಿಫ್ಟ್ ಕೆಟ್ಟಿತ್ತು. ಆರಡಿಯ ಗಾಜೊಂದನ್ನು ನಾನೂ ನನ್ನ ಜೊತೆಗಾರನೂ ಮೇಲೆ ಸಾಗಿಸುತ್ತಿದ್ದೆವು. ಅವರು ಲುಂಗಿಯಲ್ಲಿ ಬಾಗಿಲಿಗೆ ಒರಗಿ ನಿಂತಿದ್ದರು.

"ಎಂತ ಬ್ಯಾರಿ, ಗಾಜು ಹೊರುವುದಾ, ಮದುಮಗಳನ್ನು ಮನೆ ತುಂಬಿಸುವುದಾ?"

"ದಾರಿ ಬಿಡಿ ಪೊರ್ಬುಗಳೇ. ಒಡೆದರೆ ನಿಮ್ಮ ಕಾಲಿಗೇ."

ಅವರು ದಾರಿ ಬಿಟ್ಟರು. ಆದರೆ ನೋಡುತ್ತಲೇ ಇದ್ದರು. ತಿರುವಿನಲ್ಲಿ ನಾನು ಗಾಜನ್ನು ಜೊತೆಗಾರನ ಕೈಗೆ ದಾಟಿಸಬೇಕಿತ್ತು. ನಮ್ಮ ಕಸುಬಿನಲ್ಲಿ ಅದಕ್ಕೊಂದು ಕ್ರಮವಿದೆ. ಕೊಡುವವನು "ಬಂತಾ?" ಎಂದು ಕೇಳುತ್ತಾನೆ. ತೆಗೆದುಕೊಳ್ಳುವವನು ಭಾರ ಪೂರ್ತಿ ತನ್ನ ಅಂಗೈಗೆ ಬಂದ ಮೇಲೆಯೇ "ಬಂತು" ಎನ್ನುತ್ತಾನೆ. ಬೆರಳ ತುದಿಗೆ ಬಂದರೆ ಬಂದ ಹಾಗಲ್ಲ. ಆ ಮಾತು ಕಿವಿಗೆ ಬೀಳದೆ ಕೈ ಬಿಟ್ಟವನಿಗೆ ಮರುದಿನ ಕೆಲಸವಿಲ್ಲ, ಅವನು ಯಾರ ಭಾವನೇ ಆಗಿರಲಿ.

ಸಂಜೆ ಅವರು ನಾಲ್ಕನೇ ಮಾಳಿಗೆ ಹತ್ತಿ ಬಂದರು. ಏದುಸಿರು ಬಿಡುತ್ತಾ, "ಶುಕ್ರವಾರ ನಮಾಜು ಮುಗಿದ ಮೇಲೆ ಎಂತ ಮಾಡ್ತಿ ನೀನು?" ಎಂದರು.

"ಮಲಗ್ತೇನೆ."

"ಇನ್ನು ಮಲಗುವುದು ಬೇಡ. ನಂಗೆ ಬಗ್ಗಿ ನಿಲ್ಲಲಿಕ್ಕೆ ಗೊತ್ತಿರುವ ಒಬ್ಬ ದಪ್ಪ ಮನುಷ್ಯ ಬೇಕು."

ಆಟ ಗೊತ್ತಿಲ್ಲದವರಿಗಾಗಿ ಇಷ್ಟು ಹೇಳುತ್ತೇನೆ. ಚೆಂಡು ದುಂಡಗಿಲ್ಲ, ಎರಡೂ ತುದಿ ಚೂಪಾದ ಸಣ್ಣ ಗುಜ್ಜೆಯಂಥದ್ದು, ಎಳೆ ಹಲಸಿನಕಾಯಿಯ ಹಾಗೆ. ಸಾಲಿನ ನಡುವೆ ಒಬ್ಬ ನೆಲದ ಮೇಲಿನ ಚೆಂಡನ್ನು ಹಿಡಿದು ಬಗ್ಗಿ ನಿಲ್ಲುತ್ತಾನೆ. ಅವನು ಸೆಂಟರ್. ಅವನು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟರೆ, ಅದೇ ಸ್ನ್ಯಾಪ್, ಆಟ ಶುರು. ಅದನ್ನು ತೆಗೆದುಕೊಳ್ಳುವವನು ಕ್ವಾರ್ಟರ್‌ಬ್ಯಾಕ್. ಓಡುವುದೋ, ಎಸೆಯುವುದೋ, ಇನ್ನೊಬ್ಬನಿಗೆ ಕೊಡುವುದೋ, ಅವನ ತೀರ್ಮಾನ. ಅವನಿಗೆ ನಿಲ್ಲಲು ಎರಡು ಜಾಗವಿದೆ. ಐದು ಗಜ ಹಿಂದೆ ನಿಂತರೆ ಸೆಂಟರ್ ಚೆಂಡನ್ನು ಗಾಳಿಯಲ್ಲಿ ಎಸೆದು ಮುಟ್ಟಿಸಬೇಕು. ಇದನ್ನು ಶಾಟ್‌ಗನ್ ಎನ್ನುತ್ತಾರೆ. ಇಲ್ಲದಿದ್ದರೆ ಸೆಂಟರಿನ ಬೆನ್ನಿಗೇ ಬಂದು, ಎರಡು ಕೈಯನ್ನೂ ಅವನ ತೊಡೆಗಳ ಸಂದಿಗೆ, ಅಂಡಿನ ಕೆಳಗೆ ಒತ್ತಿ ಹಿಡಿಯಬೇಕು. ಚೆಂಡು ಗಾಳಿಗೆ ಹೋಗುವುದೇ ಇಲ್ಲ, ಕೈಯಿಂದ ಕೈಗೆ. ಇದು ಅಂಡರ್ ಸೆಂಟರ್.

ಮೊದಲ ದಿನ ಪೊರ್ಬುಗಳು "ಬಗ್ಗು" ಎಂದರು. ಬಗ್ಗಿದೆ. ಹಿಂದಿನಿಂದ ಎರಡು ಕೈ ಬಂದು ಒತ್ತಿದ್ದೇ ತಡ, ನಾನು ಹಾರಿ ಎರಡು ಮಾರು ಆಚೆ ನಿಂತೆ.

"ಎಂತ ಪೊರ್ಬುಗಳೇ ಇದು! ಹೇಸಿಗೆ!"

"ಹೇಸಿಗೆಯಾ? ನಾನು ಇಪ್ಪತ್ತು ವರ್ಷ ಸೋಲ್ಜರುಗಳ ಒಳಚಡ್ಡಿ ತೊಳೆದವ ಮಾರಾಯ. ಕರ್ನಲಿನದ್ದೂ ಅದೇ ವಾಸನೆ, ಲಾರಿ ಬಿಡುವವನದ್ದೂ ಅದೇ ವಾಸನೆ. ನಿನ್ನ ಅಂಡಿನಲ್ಲಿ ಎಂತ ಅತ್ತರು ಉಂಟಾ, ನಾನು ಕದ್ದುಕೊಂಡು ಹೋಗ್ಲಿಕ್ಕೆ? ಬಗ್ಗು."

ಬಗ್ಗಿದೆ. ಕೈ ಬಂತು, ಗಟ್ಟಿಯಾಗಿ ಒತ್ತಿತು. ಅಲ್ಲಿ ಸಂಶಯಕ್ಕೆ ಜಾಗವಿರಲಿಲ್ಲ. "ಬಂತು" ಎಂದರು ಅವರು, ನಾನು ಕೇಳದೆಯೇ. ಮೆಟ್ಟಿಲಲ್ಲಿ ಕೇಳಿಸಿಕೊಂಡಿದ್ದರು. ನಾನು ಚೆಂಡನ್ನು ಮೇಲೆತ್ತಿದೆ. ಅದು ಅವರ ಅಂಗೈಗೆ ಬಡಿದ ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಕುಕ್ಕಿದಂಥ ಸದ್ದು, ನನಗೆ ಈಗಲೂ ಕೇಳುತ್ತದೆ. ನನ್ನ ಹೇಸಿಗೆ ಅಲ್ಲಿಗೇ ಮುಗಿಯಿತು. ಭಾರ ದಾಟಿಸುವ ಕೆಲಸ ಇದು, ನನಗೆ ಗೊತ್ತಿರುವ ಕೆಲಸ.

ಮುಗಿಯದೆ ಇದ್ದದ್ದು ಬೇರೆಯವರ ಹೇಸಿಗೆ.

ತಂಡದ ಕ್ವಾರ್ಟರ್‌ಬ್ಯಾಕ್ ಕ್ಯಾಪ್ಟನ್ನೇ. ಕುವೈತಿನಲ್ಲೇ, ಸಲ್ವಾದಲ್ಲಿ ಬೆಳೆದ ಹುಡುಗ, ತಂದೆ-ತಾಯಿ ಉಡುಪಿ ಕಡೆಯವರು, ಇಂಜಿನಿಯರ್. ಕನ್ನಡ ಅರ್ಥವಾಗುತ್ತಿತ್ತು, ಬಾಯಲ್ಲಿ ಬರುತ್ತಿದ್ದದ್ದು ಅರ್ಧ ಇಂಗ್ಲಿಷು. ಅವನ ತೋಳು ಒಳ್ಳೆಯದು, ಇದನ್ನು ನಾನು ಇಲ್ಲವೆನ್ನುವುದಿಲ್ಲ. ಮೈದಾನದ ಈ ಕೊನೆಯಿಂದ ಎಸೆದರೆ ಚೆಂಡು ಆ ಕೊನೆಯಲ್ಲಿ ಓಡುವವನ ಎದೆಗೇ ಹೋಗಿ ಕೂರುತ್ತಿತ್ತು. ಆದರೆ ಅವನು ನನ್ನ ಹಿಂದೆ ಬಂದು ನಿಲ್ಲಲು ಒಪ್ಪಲಿಲ್ಲ.

"ಅಂಕಲ್, ಪ್ಲೀಸ್. ಈಗ ಯಾರು ಹಾಗೆ ಆಡ್ತಾರೆ? ಟಿವಿಯಲ್ಲಿ ನೋಡಿ, ಎಲ್ಲ ಶಾಟ್‌ಗನ್. ನಂಗೆ ವಿಷನ್ ಬೇಕು. ಹಿಂದೆ ನಿಂತರೆ ಫುಲ್ ಫೀಲ್ಡ್ ಕಾಣ್ತದೆ."

"ಉದ್ದ ಎಸೆಯುವಾಗ ಹಿಂದೆ ನಿಲ್ಲು. ಬೇಡ ಅಂದೆನಾ ನಾನು? ಒಂದು ಗಜ ಹೋಗ್ಲಿಕ್ಕೆ ಇರುವಾಗ ಮುಂದೆ ಬಾ ಅಂತ ಹೇಳಿದ್ದು. ಒಂದೇ ಗಜಕ್ಕೆ ಫುಲ್ ಫೀಲ್ಡ್ ಎಂತಕ್ಕೆ ನಿಂಗೆ? ಬ್ಯಾರಿಯ ಬೆನ್ನು ಕಂಡರೆ ಸಾಕು. ಅವನು ದೂಡ್ತಾನೆ, ನೀನು ಅವನ ಹಿಂದೆ ನುಗ್ಗು."

"ಅಂಕಲ್, ಅದು..." ಅವನು ನನ್ನ ಕಡೆ ನೋಡಿದ. ನಾನು ಕೆಲಸದ ಪ್ಯಾಂಟಿನಲ್ಲೇ ಬಂದಿದ್ದೆ. ಬೆವರು, ಸಿಲಿಕೋನ್ ಅಂಟಿನ ಕಲೆ. ಅವನು ಮೂಗು ಮುರಿದ. "ಸಾರಿ ಭಾಯಿ. ನೋ ಅಫೆನ್ಸ್. ಆದ್ರೆ, ಛೀ."

ಉಳಿದವರು ಕಿಸಕ್ಕೆಂದು ನಕ್ಕರು. ಒಬ್ಬ ಹೇಳಿದ: "ಕ್ಯಾಪ್ಟನ್, ಗ್ಲೌಸ್ ಹಾಕ್ಕೊ, ಡಾಕ್ಟರ್ ಹಾಕ್ತಾರಲ್ಲ, ಆ ಟೈಪ್."

ನನಗೆ ಆ ಹುಡುಗನ ಮೇಲೆ ಹುಟ್ಟಿದ ಅಸಹ್ಯ ಇವತ್ತಿಗೂ ಹೋಗಿಲ್ಲ. ಹೋಗಬೇಕೆಂಬ ಆಸೆಯೂ ನನಗಿಲ್ಲ. ಅವನ ಮನೆಯಲ್ಲೊಂದು ಬಿಳಿ ನಾಯಿ. ಅದು ಅವನ ಬಾಯಿಯನ್ನೇ ನೆಕ್ಕುವ ವಿಡಿಯೋ ಮಾಡಿ ತಂಡದ ಗ್ರೂಪಿಗೆ ಹಾಕುತ್ತಿದ್ದ. ನಾಯಿಯ ನಾಲಿಗೆ ಆಗುತ್ತದೆ, ದುಡಿದು ಬಂದವನ ಪ್ಯಾಂಟು ಆಗುವುದಿಲ್ಲ. ನನ್ನ ಕೈ ಕುಲುಕಿದ ಮೇಲೆ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಅಂಗೈಗೆ ಹಿಂಡಿಕೊಳ್ಳುತ್ತಿದ್ದ. ನನ್ನೆದುರಿಗೇ. ಮುಚ್ಚುಮರೆ ಮಾಡುವಷ್ಟು ಮರ್ಯಾದೆಯನ್ನೂ ಅವನು ನನಗೆ ಕೊಡಲಿಲ್ಲ.

ನಾನು ಆವತ್ತೇ ಬಿಟ್ಟು ಬರಲು ಹೊರಟಿದ್ದೆ. ಪೊರ್ಬುಗಳು ನನ್ನ ಗಾಜಿನ ವ್ಯಾನಿಗೆ ಅಡ್ಡ ನಿಂತರು.

"ನೀನು ಹೋದರೆ ಅವ ಗೆದ್ದ."

"ಗೆಲ್ಲಲಿ. ನಂಗೆ ಮಾನ ಇಲ್ವಾ?"

"ಉಂಟು. ಅದಕ್ಕೇ ಹೇಳುವುದು. ಅವನು ಒಂದು ದಿವಸ ಬಂದು ಸರಿಯಾಗಿ ನಿನ್ನ ಕೈಯಿಂದ ಚೆಂಡು ತೆಗೆದುಕೊಳ್ಳಬೇಕು. ನಾನು ಅದನ್ನು ನೋಡಬೇಕು. ಮತ್ತೆ ಬೇಕಾದರೆ ಇಬ್ಬರೂ ಬಿಡುವ."

ಮುಂದಿನ ಶುಕ್ರವಾರ ಅವರು ಟವೆಲುಗಳನ್ನು ತಂದರು. ಏಳು ಬಿಳಿ ಟವೆಲು, ತೊಳೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಹಾಕಿದ್ದು. ಒಂದನ್ನು ನನ್ನ ಪ್ಯಾಂಟಿನ ಹಿಂದೆ ಸಿಕ್ಕಿಸಿ, ತೊಡೆಗಳ ನಡುವೆ ಇಳಿಬಿಟ್ಟು, ಮುಂದೆ ಸೊಂಟಪಟ್ಟಿಗೆ ಸೇರಿಸಿದರು. ಕೋಮಣದ ಹಾಗೆ. "ಈಗ ಇಡು ಕೈ" ಎಂದರು ಕ್ಯಾಪ್ಟನಿಗೆ. "ಹೋಟೆಲಿನ ಬೆಡ್‌ಶೀಟಿಗಿಂತ ಕ್ಲೀನ್ ಉಂಟು."

ನನಗೆ ಅದೂ ಅಸಹ್ಯವೇ ಆಯಿತು, ಸುಳ್ಳು ಹೇಳುವುದಿಲ್ಲ. ಒಬ್ಬನ ಹೇಸಿಗೆಗೆ ನಾನು ಬಟ್ಟೆ ಕಟ್ಟಿಕೊಂಡು ನಿಲ್ಲಬೇಕೇ? ಆದರೆ ಪೊರ್ಬುಗಳು ಮೊಣಕಾಲೂರಿ ಆ ಟವೆಲಿನ ಅಂಚನ್ನು ಸರಿ ಮಾಡುತ್ತಿದ್ದರು, ಪಾದ್ರಿಗಳ ನಿಲುವಂಗಿ ಸರಿ ಮಾಡುವಷ್ಟು ಶ್ರದ್ಧೆಯಿಂದ. ನಾನು ಬಗ್ಗಿದೆ.

ಕ್ಯಾಪ್ಟನ್ ಕೈ ಇಟ್ಟ. ಇಟ್ಟದ್ದೆಂದರೆ, ಬಿಸಿ ಕಾವಲಿ ಮುಟ್ಟಿ ನೋಡುವ ಹಾಗೆ.

ಅಭ್ಯಾಸ ಮುಗಿದ ಮೇಲೆ ಪೊರ್ಬುಗಳು ಟವೆಲನ್ನು ಬಿಚ್ಚಿಕೊಂಡು ವ್ಯಾನಿನಲ್ಲಿ ಕೂತು ನೋಡುತ್ತಿದ್ದರು. ಆ ಮೈದಾನದ್ದು ಪ್ಲಾಸ್ಟಿಕ್ ಹುಲ್ಲು, ಬುಡದಲ್ಲಿ ರಬ್ಬರಿನ ಕರಿ ಪುಡಿ, ಮೇಲೆ ಸದಾ ಮರಳ ಧೂಳು. ಆಡುವವರ ಕೈ ಹತ್ತು ನಿಮಿಷದಲ್ಲಿ ಮಸಿ. ಬಟ್ಟೆಯ ಕಲೆ ನೋಡಿ ಯಾರು ಏನು ತಿಂದರು, ಎಲ್ಲಿ ಕೂತರು ಎಂದು ಹೇಳುವ ಮನುಷ್ಯನಿಗೆ ಅಷ್ಟು ಸಾಕಿತ್ತು. "ಇಲ್ಲಿ ನೋಡು. ಬರೀ ಉಗುರು" ಎನ್ನುತ್ತಿದ್ದರು. ಕೆಲವು ವಾರ ಕಳೆದ ಮೇಲೆ: "ಬೆರಳು ಬಂತು." ಆಮೇಲೊಂದು ಸಂಜೆ ಟವೆಲನ್ನು ಬೆಳಕಿಗೆ ಹಿಡಿದು, ಮಗುವಿನ ಹಲ್ಲು ಕಂಡವರ ಹಾಗೆ ಹಿಗ್ಗಿದರು. "ಅಂಗೈಯ ಅರ್ಧ! ಬರ್ತಾನೆ ಬ್ಯಾರಿ, ಬರ್ತಾನೆ. ಹುಡುಗ ಕೆಟ್ಟವನಲ್ಲ."

"ಕೆಟ್ಟವನೇ" ಎಂದೆ ನಾನು.

"ಇರಲಿ. ಕೆಟ್ಟವನ ಕೈಗೂ ಚೆಂಡು ಹಿಡಿಯಲಿಕ್ಕೆ ಆಗ್ತದೆ."

ಸೋಮವಾರ ಸಂಜೆ ನಾನು ಲಾಂಡ್ರಿಗೆ ಹೋಗುತ್ತಿದ್ದೆ. ಅವರು ಇಸ್ತ್ರಿ ಮೇಜಿನ ಮೇಲೆ ಮೊಬೈಲನ್ನು ಗಂಜಿಯ ಡಬ್ಬಿಗೆ ಒರಗಿಸಿ, ಅಮೆರಿಕದಲ್ಲಿ ಹಿಂದಿನ ದಿನ ನಡೆದ ಆಟ ನೋಡುತ್ತಾ ಬೈಯುತ್ತಿದ್ದರು. "ಇಗಾ! ಇಗಾ ನೋಡು! ಇರುವುದು ಒಂದು ಗಜ. ಹಿಂದೆ ಹೋದ! ಮನೆ ಬಾಗಿಲಲ್ಲಿ ನಿಂತವನು ಒಳಗೆ ಹೋಗ್ಲಿಕ್ಕೆ ಅಂತ ಗೇಟಿಗೆ ವಾಪಸು ಓಡ್ತಾನಾ? ಇಂಥವನಿಗೆ ಕೋಟಿಗಟ್ಟಲೆ ಸಂಬಳ!" ತಮ್ಮ ಉದ್ದ ನಿಲುವಂಗಿ ದಿಶ್ದಾಶಾ ಇಸ್ತ್ರಿಗೆ ಕೊಟ್ಟು ಕಾಯುತ್ತಿದ್ದ ಕುವೈತಿ ಮುದುಕರೊಬ್ಬರು ಗಾಬರಿಯಾಗಿ "ಶಿನು ಹಾದಾ?" ಎಂದು ನನ್ನನ್ನು ಕೇಳಿದರು, ಏನಿದು ಎಂದು. "ಶಾಟ್‌ಗನ್, ಬಾಬಾ" ಎಂದೆ. ಅವರು ಬೇಗ ಬೇಗ ಬಟ್ಟೆ ತೆಗೆದುಕೊಂಡು ಹೊರಟುಹೋದರು.

ಟಿವಿಯವರನ್ನು ಬೈದರೆ ಅವರಿಗೆ ಕೇಳುವುದಿಲ್ಲ. ತಂಡದ ಹುಡುಗರನ್ನು ಬೈದದ್ದು ಮಾತ್ರ ಅವರಿಗೆ ಕೇಳಿಸುತ್ತಿತ್ತು, ಸೇರುತ್ತಿರಲಿಲ್ಲ. ಸೀಸನ್ನಿನ ಕೊನೆಯ ಪಂದ್ಯಕ್ಕೆ ಮೊದಲು ಕ್ಯಾಪ್ಟನ್ ಎಲ್ಲರೆದುರು ಹೇಳಿದ: "ಅಂಕಲ್, ನೇರ ಹೇಳ್ತೇನೆ. ನಿಮ್ಮದು ಓಲ್ಡ್ ಸ್ಟೈಲ್. ಈ ಮ್ಯಾಚ್ ನಿಮ್ಮ ಹಾಗೆ ಆಡ್ತೇವೆ. ಗೆದ್ದರೆ ನೆಕ್ಸ್ಟ್ ಇಯರ್ ನೀವೇ ಕೋಚ್. ಸೋತರೆ ಖಲಾಸ್. ಬೇರೆ ಕೋಚ್, ಬೇರೆ ಸೆಂಟರ್."

"ಒಂದು ಗಜ ಬಂದರೆ ನೀನು ಮುಂದೆ ಬರ್ತೀಯಾ?"

"ಬರ್ತೇನೆ. ಪ್ರಾಮಿಸ್."

ಪೊರ್ಬುಗಳು ಕೈ ಮುಂದೆ ಚಾಚಿದರು. ಅವನು ಕುಲುಕಿದ. ಆಮೇಲೆ ಬಾಟಲಿ ತೆಗೆದ.

ಆವತ್ತು ಗಾಳಿಯಿತ್ತು. ಮರಳು ಗಾಳಿಯ ಕೆಂಪು ಬಣ್ಣ ಆಕಾಶಕ್ಕೆ ಹತ್ತಿಕೊಂಡು, ಮೈದಾನದ ದೀಪಗಳನ್ನು ಬೇಗ ಹಾಕಿದ್ದರು. ಅಂಥ ಗಾಳಿಯಲ್ಲಿ ದೂರಕ್ಕೆ ಎಸೆದ ಚೆಂಡು ಹೇಳಿದ ಮಾತು ಕೇಳುವುದಿಲ್ಲ. ಆದರೂ ಆಟ ಸಮಸಮವಾಗಿ ನಡೆಯಿತು. ಕೊನೆಗೆ ನಾವು ನಾಲ್ಕು ಅಂಕ ಹಿಂದಿದ್ದೆವು, ಚೆಂಡು ಎದುರಿನವರ ಗೆರೆಯಿಂದ ಒಂದೇ ಗಜ ದೂರದಲ್ಲಿತ್ತು, ಉಳಿದದ್ದು ಒಂದೇ ಅವಕಾಶ. ಗೆರೆ ದಾಟಿದರೆ ಆರು ಅಂಕ, ಗೆದ್ದೆವು.

ಪೊರ್ಬುಗಳು ಅಂಚಿನಲ್ಲಿ ಕೂಗಲಿಲ್ಲ. ಮಣಿಕಟ್ಟು ಕೂಡಿಸಿ, ಅಂಗೈ ತೆರೆದು, ನಮಗೆ ಕಾಣುವ ಹಾಗೆ ಮೇಲೆ ಹಿಡಿದರು.

ಕ್ಯಾಪ್ಟನ್ ಬಂದ. ನಾನು ಚೆಂಡಿನ ಮೇಲೆ ಬಗ್ಗಿದ್ದೆ, ಆ ಒಂದು ಗಜಕ್ಕೆಂದೇ ಆಗಷ್ಟೇ ಟವೆಲ್ ಕಟ್ಟಿಕೊಂಡು. ಅವನ ಬೂಟು ನನ್ನ ಬೂಟಿನ ಹಿಂದೆ ಕಾಣುತ್ತಿತ್ತು. ಎದುರಿನವರ ಉಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು. ಕೈ ಬರಲಿ ಎಂದು ಕಾದೆ. ಬರಲಿಲ್ಲ. ಅವನು ಅಲ್ಲಿಯೇ ಇದ್ದ, ಕೈಯೂ ಅಲ್ಲಿಯೇ ಎಲ್ಲೋ ಇತ್ತು, ಆದರೆ ಮುಟ್ಟಲಿಲ್ಲ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿ ಕಂಡಿರಬೇಕು. ಒಳಗೆ ಎರಡು ಬೆರಳಗಲದ ಗಾಳಿ.

"ಬಂತಾ?" ಎಂದೆ.

ಇನ್ನೊಮ್ಮೆ ಕೇಳಿದೆ.

"ಕೈ ಬಂತಾ?"

"ಹಟ್!" ಎಂದು ಕಿರುಚಿದ ಅವನು. ಅದು ಚೆಂಡು ಕೊಡಬೇಕೆಂಬ ಕೂಗು. "ಹಟ್! ಯಲ್ಲಾ ಭಾಯಿ, ಹಟ್!"

ಕೂಗಿಗೆ ಕೊಡುವುದು ನಿಯಮ. ಕೊಟ್ಟೆ. ಚೆಂಡು ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂತು, ಆದರೆ ಅಲ್ಲಿ ಅಂಗೈ ಇರಲಿಲ್ಲ. ಬೆರಳ ತುದಿಗೆ ತಗಲಿ, ನನ್ನ ಹಿಮ್ಮಡಿಗೆ ಬಡಿದು, ಪಕ್ಕಕ್ಕೆ ಉರುಳಿತು. ಎದುರಿನ ತಂಡದ ಒಬ್ಬ ಅದರ ಮೇಲೆ ಬಿದ್ದ.

ಮುಗಿಯಿತು. ಕ್ಯಾಪ್ಟನ್ ಹೆಲ್ಮೆಟ್ ನೆಲಕ್ಕೆ ಹೊಡೆದ. "ಸ್ನ್ಯಾಪ್ ಸರಿ ಬರಲಿಲ್ಲ! ಎಲ್ಲರೂ ನೋಡಿದ್ರಲ್ಲ? ನಾನು ಅಂಡರ್ ಸೆಂಟರ್ ಬಂದೆ, ಪ್ರಾಮಿಸ್ ಮಾಡಿದ ಹಾಗೆ ಬಂದೆ. ಭಾಯಿ ಸರಿಯಾಗಿ ಕೊಡಲಿಲ್ಲ."

ಎಲ್ಲರೂ ನೋಡಿದ್ದರು, ಯಾರಿಗೂ ಏನೂ ಕಂಡಿರಲಿಲ್ಲ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಬ್ಯಾರಿ ಭಾಷೆಯಲ್ಲಿ ಬೈದೆ. ಯಾರಿಗೂ ಅರ್ಥವಾಗಲಿಲ್ಲ, ಅದು ಒಳ್ಳೆಯದೇ ಆಯಿತು.

ಪೊರ್ಬುಗಳು ನಿಧಾನವಾಗಿ ನಡೆದು ಬಂದು, ನನ್ನ ಸೊಂಟದಿಂದ ಟವೆಲ್ ಬಿಚ್ಚಿದರು. ತಿರುಗಿಸಿ ನೋಡಿದರು. ಬೆಳ್ಳಗಿತ್ತು. ತೊಡೆಗೆ ತಗಲುವ ಅಂಚಿನಲ್ಲಿ ಒಂದಿಷ್ಟು ಧೂಳು ಬಿಟ್ಟರೆ, ಕೈ ಇರಬೇಕಾದ ಜಾಗದಲ್ಲಿ ಇಸ್ತ್ರಿಯ ಗೆರೆ ಕೂಡ ಕೆಟ್ಟಿರಲಿಲ್ಲ. ಅಷ್ಟು ಹೊತ್ತಿನ ಆಟದಲ್ಲಿ ಅವನ ಕೈ ಕರ್ರಗಾಗಿತ್ತು. ಒಂದು ಸಲ ಒತ್ತಿದ್ದರೆ ಹತ್ತು ಬೆರಳೂ ಅಚ್ಚೊತ್ತಿರುತ್ತಿದ್ದವು. ಅದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾರೆ ಎಂದು ನಾನು ಕಾದೆ. ಅವರು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. "ನಡಿ ಬ್ಯಾರಿ" ಎಂದರು.

ವ್ಯಾನಿನಲ್ಲಿ ನಾನು ಕಿರುಚಾಡಿದೆ. "ಯಾಕೆ ತೋರಿಸ್ಲಿಲ್ಲ ನೀವು? ನಾನು ಕಳ್ಳ ಆದೆ ಅಲ್ಲಿ! ನಿಮ್ಮ ಬಾಯಿ ಎಲ್ಲಿ ಹೋಗಿತ್ತು? ಬೇರೆ ಸಮಯದಲ್ಲಿ ಊರೆಲ್ಲ ಕೇಳ್ತದಲ್ಲ ನಿಮ್ಮ ಬಾಯಿ!"

"ತೋರಿಸಿದ್ರೆ ಎಂತ? ಅವ ಕೈ ಇಡ್ತಾನಾ?"

"ನನ್ನ ಮರ್ಯಾದೆ ಉಳಿತಿತ್ತು."

"ನಿನ್ನ ಮರ್ಯಾದೆ ಆ ಮಕ್ಕಳ ಹತ್ತಿರ ಉಂಟಾ, ತಿರುಗಿ ಕೇಳ್ಲಿಕ್ಕೆ?" ಅವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಖೈತಾನ್ ಬಂತು. ಇಳಿಯುವಾಗ ಹೇಳಿದರು: "ತೊಳೆಯಲಿಕ್ಕೆ ಎಂತದೂ ಇಲ್ಲ ಬ್ಯಾರಿ ಇದರಲ್ಲಿ. ಅದೇ ಬೇಜಾರು."

ಆ ಕ್ಷಣಕ್ಕೆ ನನಗೆ ಅವರ ಮೇಲೂ ಅಸಹ್ಯ ಬಂದಿತ್ತು. ಬಡಾಯಿಯ ಮನುಷ್ಯ, ಬೇಕಾದಾಗ ಬಾಯಿಲ್ಲದವನಾದ ಎಂದು. ಎರಡು ದಿನ ನಾನು ಎರಡನೇ ಮಾಳಿಗೆಯಲ್ಲಿ ನಿಲ್ಲದೆ ಹತ್ತಿ ಹೋದೆ. ಮೂರನೇ ದಿನ ಗ್ರೂಪಿನಲ್ಲಿ ಕ್ಯಾಪ್ಟನಿನ ಸಂದೇಶ ಬಂತು: ಥ್ಯಾಂಕ್ಯೂ ಅಂಕಲ್ ಫಾರ್ ಎವ್ರಿಥಿಂಗ್, ಕೊನೆಗೆ ಎರಡು ಕೈ ಜೋಡಿಸಿದ ಚಿತ್ರ. ಒಂದು ನಿಮಿಷದಲ್ಲಿ ನಮ್ಮಿಬ್ಬರನ್ನೂ ಗ್ರೂಪಿನಿಂದ ತೆಗೆದಿದ್ದರು. ಎದುರು ನಿಂತು ಹೇಳುವಷ್ಟು ಹತ್ತಿರಕ್ಕೂ ಅವನು ಬರಲಿಲ್ಲ.

ಆ ಶುಕ್ರವಾರ ಸಂಜೆಯ ಅಸರ್ ನಮಾಜು ಮುಗಿಸಿ ಬಂದಾಗ ಪೊರ್ಬುಗಳು ಕಟ್ಟಡದ ಹಿಂದಿನ ಮರಳು ಜಾಗದಲ್ಲಿ ಚೆಂಡು ಹಿಡಿದು ನಿಂತಿದ್ದರು. "ಬಗ್ಗು" ಎಂದರು. ಸುತ್ತ ನಿಲ್ಲಿಸಿದ ಕಾರುಗಳು, ಮೇಲೆ ಬಾಲ್ಕನಿಗಳಲ್ಲಿ ಬಟ್ಟೆ ಒಣಗಿಸುವ ಹೆಂಗಸರು. ನಾನು ಬಗ್ಗಿದೆ. ಟವೆಲ್ ಇರಲಿಲ್ಲ. "ಬಂತಾ?" "ಬಂತು." ಅರವತ್ತು ದಾಟಿದ ಮನುಷ್ಯ ಚೆಂಡು ಹಿಡಿದು ಮೂರು ಹೆಜ್ಜೆ ಹಿಂದೆ ಸರಿದು, ಇಲ್ಲದ ಆಟಗಾರನಿಗೆ ಎಸೆದು, ತಾನೇ ಹೋಗಿ ಹೆಕ್ಕಿಕೊಂಡು ಬರುತ್ತಿದ್ದರು. ನಮ್ಮಿಬ್ಬರನ್ನು ನೋಡಿ ಜನ ಏನೆಂದುಕೊಂಡರೋ. ನನಗೆ ಏನೂ ಅನಿಸಲಿಲ್ಲ. ಹಾಗೆ ಬಹಳ ಶುಕ್ರವಾರ ಆಡಿದೆವು.

ಮುಂದಿನ ಬೇಸಿಗೆಯಲ್ಲಿ ಅವರು ಲಾಂಡ್ರಿಯ ಮೆಟ್ಟಿಲಿನಿಂದ ಬಿದ್ದರು. ಸೊಂಟದ ಎಲುಬು ಮುರಿಯಿತು. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು. ಹೆಂಡತಿ ಊರಿನಲ್ಲಿ, ಆಕೆ ಬರಲು ಬೇಕಾದ ವೀಸಾ ಇವತ್ತು ಬರುತ್ತದೆ ನಾಳೆ ಬರುತ್ತದೆ ಎನ್ನುತ್ತಿದ್ದರು. ನಾನು ಕೆಲಸ ಮುಗಿಸಿ ದಿನಾ ಆಸ್ಪತ್ರೆಗೆ ಹೋಗುತ್ತಿದ್ದೆ.

ಒಂದು ಸಂಜೆ ಅವರಿಗೆ ಕೆಳಗೆ ಬೆಡ್‌ಪ್ಯಾನ್ ಇಡಬೇಕಾಗಿತ್ತು. ಕೇರಳದ ಸಿಸ್ಟರ್ ಒಬ್ಬರೇ ಇದ್ದರು, ಎತ್ತಲು ಇನ್ನೊಬ್ಬರು ಬೇಕು. ನಾನು ಶರ್ಟಿನ ಕೈ ಮಡಚಿದೆ.

"ಬೇಡ ಬ್ಯಾರಿ. ನೀನು ಹೊರಗೆ ಹೋಗು." ಪೊರ್ಬುಗಳು ಗೋಡೆಯ ಕಡೆ ಮುಖ ತಿರುಗಿಸಿದರು. ಆ ಬಡಾಯಿಯ ಮುಖದಲ್ಲಿ ನಾಚಿಕೆಯನ್ನು ನಾನು ಮೊದಲ ಸಲ ಕಂಡದ್ದು. "ಹೇಸಿಗೆ ಮಾರಾಯ."

"ನಿಮ್ಮ ಅಂಡಿನಲ್ಲಿ ಎಂತ ಅತ್ತರು ಉಂಟಾ, ನಾನು ಕದಿಯಲಿಕ್ಕೆ?"

ಅವರ ಹೊಟ್ಟೆ ಕುಲುಕಿತು. ನಗಲು ಹೋದರೆ ಎಲುಬು ನೋಯುತ್ತಿತ್ತು, ಹಾಗಾಗಿ ಹಲ್ಲು ಕಚ್ಚಿಕೊಂಡು ನಕ್ಕರು. ಸಿಸ್ಟರ್ ಆಚೆಯಿಂದ, ನಾನು ಈಚೆಯಿಂದ. ನಾನು ಅಂಗೈಗಳನ್ನು ಅವರ ಸೊಂಟದ ಕೆಳಗೆ ಪೂರ್ತಿ ಒಳಗೆ ತಳ್ಳಿದೆ. ಗಾಜು ಕೊಯ್ದು ಒರಟಾದ ಕೈ, ಅವರಿಗೆ ಚುಚ್ಚಿರಬೇಕು.

"ಬಂತಾ?" ಎಂದರು ಅವರು, ಕಣ್ಣು ಮುಚ್ಚಿಕೊಂಡು.

"ಬಂತು ಪೊರ್ಬುಗಳೇ."

ಆಗ ಅವರು ಮೈಯ ಭಾರವನ್ನು ಬಿಟ್ಟರು.

ಕೊನೆಯ ವಾರ ಕ್ಯಾಪ್ಟನ್ ನೋಡಲು ಬಂದ. ಮುಖಕ್ಕೆ ಮಾಸ್ಕು, ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಹೂವು. ವಾರ್ಡಿನ ಬಾಗಿಲು ದಾಟಲಿಲ್ಲ. ಅಲ್ಲಿಂದಲೇ "ಅಂಕಲ್, ಗೆಟ್ ವೆಲ್ ಸೂನ್! ವಿ ಮಿಸ್ ಯು!" ಎಂದು ಕೂಗಿದ. ಪೊರ್ಬುಗಳು ತಲೆ ಎತ್ತದೆ ಅವನು ನಿಂತ ಜಾಗವನ್ನು ಕಣ್ಣಲ್ಲೇ ಅಳೆದರು, ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದು, ಕಿವಿಯಲ್ಲಿ ಹೇಳಿದರು:

"ಶಾಟ್‌ಗನ್."

ನಾನು ನಕ್ಕುಬಿಟ್ಟೆ. ಆ ವಾರ್ಡಿನಲ್ಲಿ, ಅಷ್ಟು ರೋಗಿಗಳ ನಡುವೆ, ತಡೆಯಲಾಗಲಿಲ್ಲ. ಕ್ಯಾಪ್ಟನ್ ಹೂವನ್ನು ಬಾಗಿಲಲ್ಲಿದ್ದ ಕ್ಲೀನರಿನ ಕೈಗೆ ಕೊಟ್ಟು ಹೊರಟುಹೋದ. ಅವನು ಹೋದ ಮೇಲೆ ಪೊರ್ಬುಗಳು ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು, "ಆದರೆ ದೂರದಿಂದ ಎಸೆಯುವುದರಲ್ಲಿ ಅವನಷ್ಟು ಒಳ್ಳೆಯವ ಕುವೈತಿನಲ್ಲಿ ಇಲ್ಲ. ಅದು ಸುಳ್ಳಲ್ಲ" ಎಂದರು. ನ್ಯಾಯವಾದ ಮಾತು. ನನ್ನ ಬಾಯಿಂದ ಅದು ಹೊರಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ಹೋದರು. ವೀಸಾ ಬರುವ ಮೊದಲೇ. ಶವಾಗಾರದಲ್ಲಿ ಇಗರ್ಜಿಯ ಇಬ್ಬರೂ ನಾನೂ ಸೇರಿ ಅವರಿಗೆ ಬಟ್ಟೆ ಹಾಕಿದೆವು. ಶರ್ಟಿಗೆ ಇಸ್ತ್ರಿ ಹಾಕಿದ್ದು ನಾನೇ. ಕಾಲರು ಸರಿಯಾಗಲಿಲ್ಲ, ಬದುಕಿದ್ದರೆ ಬೈಯುತ್ತಿದ್ದರು. ಊರಿಗೆ ಕಳಿಸುವ ಪೆಟ್ಟಿಗೆ ಎತ್ತುವಾಗ ಎದುರಿನ ತುದಿಯಲ್ಲಿದ್ದ ಅಪರಿಚಿತನಿಗೆ "ಬಂತಾ?" ಎಂದೆ. ಅವನಿಗೆ ಕನ್ನಡ ಗೊತ್ತಿರಲಿಲ್ಲ. ಆದರೂ ತಲೆಯಾಡಿಸಿ, ಕೈಯನ್ನು ಇನ್ನೂ ಒಳಗೆ ತಂದ.

ಹೋದ ತಿಂಗಳು ಕ್ಯಾಪ್ಟನಿನ ಫೋನು ಬಂತು. ಈಗ ಅಮೆರಿಕದ ದೊಡ್ಡ ತಂಡಗಳು ಮತ್ತೆ ಅಂಡರ್ ಸೆಂಟರ್ ಆಡಲು ಶುರು ಮಾಡಿವೆಯಂತೆ. ಟಿವಿಯಲ್ಲಿ ಅದೇ ಮಾತಂತೆ. "ಭಾಯಿ, ಅಂಕಲ್ ವಾಸ್ ರೈಟ್ ಯಾರ್. ನಮಗೆ ಒಳ್ಳೆ ಸೆಂಟರ್ ಬೇಕು. ನೀವು ವಾಪಸ್ ಬನ್ನಿ. ಈ ಸಲ ಪಕ್ಕಾ ಕೈ ಇಡ್ತೇನೆ, ಟವೆಲ್ ಕೂಡ ಬೇಡ."

ಅಂದರೆ ನನ್ನ ಮೈ ಮುಟ್ಟಲು ಅವನಿಗೆ ಅಮೆರಿಕದಿಂದ ಒಪ್ಪಿಗೆ ಬರಬೇಕಾಗಿತ್ತು. ಒಬ್ಬ ಮುದುಕ ಮೊಣಕಾಲೂರಿ ಗಂಜಿ ಹಾಕಿದ ಬಟ್ಟೆ ಕಟ್ಟಿದಾಗ ಹೇಸಿಗೆಯಾಗಿದ್ದದ್ದು, ಟಿವಿಯವರು ಹೇಳಿದ ಕೂಡಲೇ ಶುದ್ಧವಾಗಿಬಿಟ್ಟಿತು. ಬೈಯಲು ಬಾಯಿ ತೆರೆದೆ. ಆಮೇಲೆ ಬೇಡವೆನಿಸಿತು. "ನಂಗೆ ಶುಕ್ರವಾರ ಕೆಲಸ ಉಂಟು" ಎಂದು ಫೋನ್ ಇಟ್ಟೆ. ಕೆಲಸ ಇರಲಿಲ್ಲ. ಕಟ್ಟಡದ ಹಿಂದೆ ಹೋಗಿ, ಚೆಂಡು ಮರಳಿನ ಮೇಲಿಟ್ಟು, ಒಂದು ಸಲ ಬಗ್ಗಿ ನಿಂತು, ಮೇಲೆ ಬಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಗಾಜು ಸಾಗಿಸುವ ವ್ಯಾನು ಒಂದು. ನನ್ನ ಕೈಕೆಳಗೆ ಕೆಲಸದವರು ಇಬ್ಬರು, ಇಬ್ಬರೂ "ಬಂತು" ಎಂದು ಕೇಳದೆ ಏನನ್ನೂ ಕೈ ಬಿಡುವುದಿಲ್ಲ. ನಾಲ್ಕನೇ ಮಾಳಿಗೆಯಲ್ಲಿ ಎರಡು ಕೋಣೆ. ಮರಳಿಗೆ ಉಜ್ಜಿ ಹೊಲಿಗೆ ಸವೆದ ಚೆಂಡು ಒಂದು. ಮಡಚಿಟ್ಟ ಬಿಳಿ ಟವೆಲು ಆರು. ಏಳನೆಯದು, ಗುರುತು ಬೀಳದೆ ಬಂದದ್ದು, ಪೆಟ್ಟಿಗೆಯಲ್ಲಿ ಪೊರ್ಬುಗಳ ಕೈಯ ಅಡಿಯಲ್ಲಿ ಊರಿಗೆ ಹೋಯಿತು.